ಬರಿಗೈಗೆ ಹಿಡಿಯದ ಮದ್ದು

ನಾನು ಬೆಳೆದದ್ದು ಸರಕಾರದ ಮನೆಯಲ್ಲಿ. ನಾರಾವಿಯಿಂದ ಸ್ವಲ್ಪ ಆಚೆಗಿದ್ದ ಒಂದು ಊರಿನ ಸರಕಾರಿ ಆಸ್ಪತ್ರೆಯಲ್ಲಿ ಅಪ್ಪ ಕಂಪೌಂಡರ್ ಆಗಿದ್ದರು. ಆಸ್ಪತ್ರೆಯ ಗೋಡೆಗೆ ತಾಗಿಕೊಂಡೇ ನಮಗೆ ಕೊಟ್ಟ ಎರಡು ಕೋಣೆ, ಒಂದು ಅಡಿಗೆಮನೆ. ಆಸ್ಪತ್ರೆ ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಒಂದು ಜಗಲಿ, ಒಂದು ಬೆಂಚು, ಡಾಕ್ಟರರ ಮೇಜು, ಮದ್ದಿನ ಕೋಣೆ, ಅಷ್ಟೆ. ಡಾಕ್ಟರರು ಬೆಳ್ತಂಗಡಿಯಿಂದ ವಾರಕ್ಕೆ ಎರಡು ದಿನ ಬರುತ್ತಿದ್ದರು, ಬಸ್ಸು ಕೈಕೊಟ್ಟರೆ ಅದೂ ಇಲ್ಲ. ಉಳಿದ ದಿನ ಊರಿಗೆಲ್ಲ ಅಪ್ಪನೇ ಡಾಕ್ಟರು. ಮದ್ದಿನ ಕೋಣೆಗೂ ನಮ್ಮ ಅಡಿಗೆಮನೆಯ ಹಿಂದಿನ ಚಾವಡಿಗೂ ನಡುವೆ ಒಂದು ಚಿಕ್ಕ ಕಿಟಿಕಿ ಇತ್ತು. ನಮ್ಮ ಅನ್ನ ಬೇಯುವ ವಾಸನೆ ಅದರಲ್ಲಿ ಅತ್ತ ಹೋಗುತ್ತಿತ್ತು, ಟಿಂಚರಿನ ವಾಸನೆ ಇತ್ತ ಬರುತ್ತಿತ್ತು. ಈಗಲೂ ಎಲ್ಲಾದರೂ ಆ ವಾಸನೆ ಬಡಿದರೆ ನನಗೆ ಮೊದಲು ಹಸಿವಾಗುತ್ತದೆ, ಆಮೇಲೆ ಹೆದರಿಕೆಯಾಗುತ್ತದೆ.

ಊರಿನವರು ಅದನ್ನು ಸರಕಾರಿ ಆಸ್ಪತ್ರೆ ಎನ್ನುತ್ತಿರಲಿಲ್ಲ, ಧರ್ಮಾಸ್ಪತ್ರೆ ಎನ್ನುತ್ತಿದ್ದರು. ನಮ್ಮ ಕಡೆ ದುಡ್ಡು ಕೊಡದೆ ಸಿಕ್ಕಿದ್ದೆಲ್ಲ ‘ಧರ್ಮಕ್ಕೆ’ ಸಿಕ್ಕಿದ್ದೇ. ಅಪ್ಪನಿಗೆ ಆ ಶಬ್ದ ಕೇಳಿದರೆ ಮೈ ಉರಿಯುತ್ತಿತ್ತು. ನಾವು ಜೈನರು. ಔಷಧದಾನ ನಾಲ್ಕು ದಾನಗಳಲ್ಲಿ ಒಂದು ಎಂಬುದನ್ನು ಅಮ್ಮ ತನ್ನ ತವರಾದ ಮೂಡುಬಿದಿರೆಯಲ್ಲಿ, ಬಸದಿಯ ಕಲ್ಲಿನ ಮೇಲೆ ಕುಳಿತು ಚಿಕ್ಕಂದಿನಿಂದಲೇ ಕೇಳಿ ಬೆಳೆದವಳು. ದಿನವಿಡೀ ಮದ್ದು ಕೊಡುವ ಗಂಡ ದಿನವಿಡೀ ಪುಣ್ಯ ಕಟ್ಟಿಕೊಳ್ಳುತ್ತಿದ್ದಾನೆ ಎಂದು ಅವಳು ನಂಬಿದ್ದಳು. ಅಪ್ಪ ಒಪ್ಪುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಆದರೆ ಸರಕಾರದ ವಿಷಯ ಬಂದರೆ ಅಪ್ಪ ಕನ್ನಡಕ್ಕೆ ಏರುತ್ತಿದ್ದರು.

“ದಾನ ಮಾಡ್ಲಿಕ್ಕೆ ಇದು ನನ್ನ ಅಪ್ಪನ ಮದ್ದಾ? ಅವರೇ ಕೊಟ್ಟದ್ದು. ಬೆಂಕಿಪೆಟ್ಟಿಗೆ ತೆಗೊಳ್ಳುವಾಗ ಕೊಟ್ಟಿದ್ದಾರೆ, ಬಟ್ಟೆ ತೆಗೊಳ್ಳುವಾಗ ಕೊಟ್ಟಿದ್ದಾರೆ. ಅವರ ದುಡ್ಡೇ ಸುತ್ತು ಹಾಕಿ ಮದ್ದಾಗಿ ಬಂದದ್ದು.”

“ಹಾಗಂತ ಅವರಿಗೆ ಗೊತ್ತುಂಟಾ?” ಎಂದು ಅಮ್ಮ ಕೇಳುತ್ತಿದ್ದಳು.

ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಬೇರೆ. ಮದ್ದನ್ನು ಬರಿಗೈಯಲ್ಲಿ ತೆಗೆದುಕೊಂಡರೆ ಅದು ಮೈಗೆ ಹಿಡಿಯುವುದಿಲ್ಲ ಎಂಬುದು. ನಾಟಿವೈದ್ಯರ ಮನೆಗೆ ಹೋದರೆ ವೀಳ್ಯದೆಲೆ, ಅಡಿಕೆ, ಅದೂ ಇಲ್ಲದಿದ್ದರೆ ಒಂದು ಹಿಡಿ ಅಕ್ಕಿಯನ್ನಾದರೂ ಮುಂದಿಟ್ಟು ಮದ್ದು ತೆಗೆದುಕೊಳ್ಳುವುದು ಹಳೆಯ ಕ್ರಮ. ಅದನ್ನೇ ಅವರು ಸರಕಾರದ ಮಾತ್ರೆಗೂ ಹಚ್ಚಿದ್ದರು. ಲಂಚ ಎಂಬ ಯೋಚನೆ ಯಾರ ತಲೆಯಲ್ಲೂ ಇರಲಿಲ್ಲ. ಒಂದು ಕೈಯಲ್ಲಿ ಮಿಕ್ಸ್‌ಚರಿಗೆಂದು ಮನೆಯಿಂದ ತಂದ ಖಾಲಿ ಸೀಸೆ, ಇನ್ನೊಂದು ಕೈಯಲ್ಲಿ ತೊಂಡೆಕಾಯಿಯೋ ಬಸಳೆಯೋ ಬಾಳೆಹಣ್ಣೋ. ಕೋಳಿಮೊಟ್ಟೆ ತಂದವರಿಗೆ ಅಮ್ಮ, ನಮಗೆ ಆಗುವುದಿಲ್ಲ ಎಂದು ಕೈಮುಗಿಯುತ್ತಿದ್ದಳು. ಅಂಥವರು ಮರುದಿನ ಬದನೆಕಾಯಿ ಹಿಡಿದು ಬರುತ್ತಿದ್ದರು. ಅಲ್ಲಿಯವರೆಗೆ ಮದ್ದನ್ನು ಸೀಸೆಯಲ್ಲೇ ಇಟ್ಟಿರುತ್ತಿದ್ದರು, ಕುಡಿದಿರುತ್ತಿರಲಿಲ್ಲ. ಇದು ಗೊತ್ತಾದ ದಿನ ಅಪ್ಪ ತಲೆ ಚಚ್ಚಿಕೊಂಡರು.

ಆಸ್ಪತ್ರೆಯ ಜಗಲಿಯಲ್ಲಿ ಯಾರೂ ಏನನ್ನೂ ಇಡಕೂಡದು ಎಂದು ಅಪ್ಪ ಕಟ್ಟಪ್ಪಣೆ ಮಾಡಿದರು. ಜನ ಅಪ್ಪನ ಮಾತು ಮೀರಲಿಲ್ಲ. ಜಗಲಿಯಲ್ಲಿ ಇಡುವುದನ್ನು ಬಿಟ್ಟು ಸುತ್ತು ಹಾಕಿ ನಮ್ಮ ಹಿಂಬಾಗಿಲಿಗೆ ತಂದರು. ಅಮ್ಮ ಬೇಡವೆನ್ನಲಿಲ್ಲ. ಅಪ್ಪನ ಸಂಬಳ ತಿಂಗಳ ಕೊನೆಯನ್ನು ನೋಡಿದ್ದೇ ಇಲ್ಲ. ಅದಲ್ಲದೆ, ತಂದದ್ದನ್ನು ತಿರುಗಿಸಿದರೆ ಅವರ ಕಾಯಿಲೆ ವಾಸಿಯಾಗದೆ ಆ ಪಾಪ ನಮಗೆ ತಟ್ಟುತ್ತದೆ ಎಂಬ ಭಯವೂ ಅವಳಿಗೆ ನಿಜವಾಗಿಯೇ ಇತ್ತು. ನೋಡುನೋಡುತ್ತ ಒಂದು ಪದ್ಧತಿ ಬೆಳೆಯಿತು. ಎದುರಿನಲ್ಲಿ ಬಂದವರು ಸಾಲಿನಲ್ಲಿ ನಿಲ್ಲುವುದು. ಹಿಂಬಾಗಿಲಿಗೆ ಬಂದವರನ್ನು ಅಪ್ಪ ಆ ಚಿಕ್ಕ ಕಿಟಿಕಿಯಲ್ಲೇ ಮಾತಾಡಿಸಿ ಮದ್ದು ಕೊಟ್ಟು ಕಳಿಸುವುದು. ಅಪ್ಪನಿಗೆ ಇದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಊಟಕ್ಕೆ ಕುಳಿತಾಗ ಅಮ್ಮನಿಗೆ ಬೈಯುತ್ತಿದ್ದರು, ಬೈದು ಮುಗಿಸಿ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದರು. ನನ್ನ ಅಪ್ಪ ಪ್ರಾಮಾಣಿಕರಾಗಿದ್ದರು ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಆದರೆ ಹೇಳುವಾಗಲೆಲ್ಲ ಆ ಸೌಟು ಕಣ್ಣಮುಂದೆ ಬರುತ್ತದೆ.

ಹಿಂಬಾಗಿಲಿಗೆ ಅಧಿಕಾರಿಯಾಗಿ ನೇಮಕಗೊಂಡವಳು ನಾನು. ಒಂಬತ್ತು ವರ್ಷ. ಅಮ್ಮನಿಗೆ ಒಲೆಯ ಮುಂದಿನಿಂದ ಏಳಲು ಪುರುಸೊತ್ತಿಲ್ಲ, ತಮ್ಮ ಇನ್ನೂ ತೊಟ್ಟಿಲಿನಲ್ಲಿದ್ದ. ಶಾಲೆಗೆ ರಜೆ ಇದ್ದ ದಿನ ಬೆಳಿಗ್ಗೆ ಹಿಂದಿನ ಮೆಟ್ಟಿಲಿನ ಮೇಲೆ ಕುಳಿತು ಬಂದವರನ್ನು “ಏನು ತಂದಿದ್ದೀ?” ಎಂದು ಕೇಳುವುದು, ತಂದದ್ದನ್ನು ಗೆರಸೆಗೆ ಹಾಕುವುದು, ಕಿಟಿಕಿ ತಟ್ಟಿ ಅಪ್ಪನನ್ನು ಕರೆಯುವುದು. ನನ್ನ ತಾಯಿಯಷ್ಟು ದೊಡ್ಡ ಹೆಂಗಸರನ್ನೂ ಏಕವಚನದಲ್ಲೇ ಕೇಳುತ್ತಿದ್ದೆ. ಅವರು ನನ್ನನ್ನು ‘ಅಕ್ಕ’ ಎನ್ನುತ್ತಿದ್ದರು. ಅದರಲ್ಲಿ ತಪ್ಪಿದೆ ಎಂದು ಆ ಊರಿನಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ನನಗೆ ಆ ಕೆಲಸ ಎಷ್ಟು ಇಷ್ಟವಾಗಿತ್ತೆಂದರೆ ಆಟಕ್ಕೆ ಕರೆದರೂ ಹೋಗುತ್ತಿರಲಿಲ್ಲ. ದೊಡ್ಡವರು ನನ್ನ ಮುಂದೆ ತಲೆಬಗ್ಗಿಸಿ ಗಂಟು ಬಿಚ್ಚುವುದನ್ನು ನೋಡುವ ಖುಷಿ ಏನೆಂದು ನನಗೆ ಗೊತ್ತು, ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಆಟಿ ತಿಂಗಳು. ಮಳೆಗಾಲದ ನಟ್ಟನಡುವೆ ಬರುವ ಈ ತಿಂಗಳಿನಲ್ಲಿ ನಮ್ಮ ಕಡೆ ಗದ್ದೆಯಲ್ಲಿ ಕೆಲಸವಿಲ್ಲ, ಹಿತ್ತಿಲಿನಲ್ಲಿ ತರಕಾರಿಯಿಲ್ಲ, ಕಾಯಿಲೆ ಮಾತ್ರ ಬೇಕಾದಷ್ಟು. ಹೊಳೆ ತುಂಬಿದ್ದರಿಂದ ಆ ದಿನ ಶಾಲೆಗೆ ರಜೆ ಕೊಟ್ಟಿದ್ದರು. ಬೆಳಿಗ್ಗೆ ನಾನು ಮೆಟ್ಟಿಲಿಗೆ ಬಂದು ಕೂರುವಷ್ಟರಲ್ಲೇ ಸುಂದರಿ ಬಂದು ನಿಂತಿದ್ದಳು. ಹೊಳೆಯ ಆಚೆ ಬೀಡಿ ಕಟ್ಟಿಕೊಂಡಿದ್ದ ಹೆಂಗಸು, ಮೊದಲೂ ಒಂದೆರಡು ಸಲ ಬಂದವಳು, ಬಂದಾಗ ಹರಿವೆ ಸೊಪ್ಪು ತಂದವಳು. ತಲೆಯ ಮೇಲೆ ಮಳೆಗೆ ಹೊದೆಯುವ ಓಲೆಯ ಗೊರಬೆ, ಅದರ ಅಡಿಯಲ್ಲಿ ಎರಡೂ ಕೈಯಲ್ಲಿ ಅವುಚಿಕೊಂಡ ಮಗು. ಎರಡು ವರ್ಷದ ಗಂಡುಮಗು. ಅಳುತ್ತಿರಲಿಲ್ಲ. ಅಳದ ಮಗು ಹುಷಾರಾಗಿದೆ ಎಂದೇ ನಾನು ತಿಳಿದೆ.

“ಏನು ತಂದಿದ್ದೀ?”

“ಇವತ್ತು ಏನೂ ಇಲ್ಲ ಅಕ್ಕ. ರಾತ್ರಿಯಿಂದ ಹೊಟ್ಟೆ ಹೋಗ್ತಾ ಉಂಟು ಇವನಿಗೆ. ಅಪ್ಪನನ್ನು ಒಂದು ಕರೀತೀರಾ?”

“ಹಾಗಾದ್ರೆ ಎದುರಿನ ಸಾಲಿಗೆ ಹೋಗು.”

ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಬದುಕು ಬೇರೆಯಾಗುತ್ತಿತ್ತೋ ಏನೋ. ಎದುರಿನ ಸಾಲು ಎಷ್ಟೇ ಉದ್ದವಿದ್ದರೂ ಅಲ್ಲಿ ಯಾರಾದರೂ ದೊಡ್ಡವರು ಆ ಮಗುವಿನ ಮುಖ ನೋಡಿ ಅವಳನ್ನು ಮುಂದಕ್ಕೆ ತಳ್ಳುತ್ತಿದ್ದರು. ನಾನು ನಿಲ್ಲಿಸಲಿಲ್ಲ. ಅಮ್ಮ ದಿನವೂ ಹೇಳುವ ಮಾತನ್ನು, ಅಮ್ಮನದೇ ರಾಗದಲ್ಲಿ, ಹೇಳಿಬಿಟ್ಟೆ.

“ಮತ್ತೆ ಬರಿಗೈಯಲ್ಲಿ ತೆಗೊಂಡ್ರೆ ಮದ್ದು ಹಿಡಿಯುವುದಿಲ್ಲ, ಗೊತ್ತುಂಟಲ್ಲ?”

ಸುಂದರಿ ನನ್ನನ್ನು ನೋಡಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಮರೆತಿದ್ದನ್ನು ಯಾರೋ ನೆನಪಿಸಿದಾಗ ನಾವು ಹೇಗೆ ನೋಡುತ್ತೇವೋ ಹಾಗೆ ನೋಡಿದಳು. “ಹೌದಲ್ಲ ಅಕ್ಕ,” ಎಂದು ಗೊರಬೆ ಸರಿಮಾಡಿಕೊಂಡು ಹೊರಟಳು. ಎದುರಿನ ಸಾಲಿಗೆ ಹೋದಳೆಂದು ನಾನು ಅವಳನ್ನು ಅಲ್ಲಿಗೇ ಮರೆತೆ.

ಅವಳು ಸಾಲಿಗೆ ಹೋಗಿರಲಿಲ್ಲ. ಸಂಕ ದಾಟಿ ಮನೆಗೆ ಹೋಗಿದ್ದಳು. ನಮ್ಮ ಕಡೆಯ ಸಂಕ ಎಂದರೆ ಹೊಳೆಗೆ ಅಡ್ಡ ಹಾಕಿದ ಎರಡು ಮರ, ಹಿಡಿದುಕೊಳ್ಳಲು ಒಂದು ಬಿದಿರು. ತುಂಬಿದ ಹೊಳೆಯ ಮೇಲೆ, ಮಗುವನ್ನು ಹೊತ್ತುಕೊಂಡು, ಬೆಳಿಗ್ಗೆ ಒಂದು ಸಲ ದಾಟಿ ಬಂದಿದ್ದ ಅದನ್ನೇ ಅವಳು ಮತ್ತೆ ಎರಡು ಸಲ ದಾಟಿದಳು. ತಿರುಗಿ ನಮ್ಮ ಮೆಟ್ಟಿಲಿನ ಹತ್ತಿರ ಬಂದಾಗ ಅಮ್ಮ ಅನ್ನ ಬಸಿಯುತ್ತಿದ್ದಳು. ಸುಂದರಿಯ ಸೊಂಟದ ಮೇಲೆ ಮಗು ಒಂದು ಕಡೆಗೆ ವಾಲಿಕೊಂಡಿತ್ತು, ಇನ್ನೊಂದು ಕೈಯಲ್ಲಿ ಸೌತೆಕಾಯಿ ಇತ್ತು. ಹಳದಿಗೆ ತಿರುಗಿದ ದೊಡ್ಡ ಸೌತೆಕಾಯಿ, ತೂಗುಹಾಕಿದ್ದ ಬಾಳೆನಾರು ಇನ್ನೂ ಸುತ್ತಿಕೊಂಡೇ ಇತ್ತು. ನಾನು ಖುಷಿಯಿಂದ ಕಿಟಿಕಿ ತಟ್ಟಿದೆ.

“ಅಪ್ಪಾ, ಸೌತೆಕಾಯಿಯವಳು ಬಂದಿದ್ದಾಳೆ.”

ಕಿಟಿಕಿಯಲ್ಲಿ ನೋಡಿದ ಅಪ್ಪ ಅಲ್ಲಿ ನಿಲ್ಲಲಿಲ್ಲ. ಸುತ್ತು ಬಳಸಿ ಓಡಿಬಂದರು. ಅಪ್ಪ ಓಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದು ಬಿಟ್ಟರು, ಚರ್ಮ ಹಾಗೇ ನಿಂತಿತು. ಅಪ್ಪ ಸುಂದರಿಗೆ ಬೈಯಲು ಶುರುಮಾಡಿದರು.

“ರಾತ್ರಿಯಿಂದ ಹೋಗ್ತಾ ಉಂಟು ಅಂತೀ. ಬೆಳಿಗ್ಗೆಯೇ ತರ್ಲಿಕ್ಕೆ ಎಂತ ಆಗಿತ್ತು ನಿನಗೆ? ಮಗು ಬೇಕಾ ಬೇಡವಾ?”

ಆಗ ಸುಂದರಿ ಇನ್ನೊಂದು ಸಲ ನನ್ನನ್ನು ನೋಡಿದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಅಪ್ಪ ನನ್ನ ಬೆನ್ನು ಮುರಿಯುತ್ತಿದ್ದರು, ನಾನು ಅತ್ತು ಮುಗಿಸುತ್ತಿದ್ದೆ.

“ತಡ ಆಯ್ತು ಧನಿ,” ಎಂದಳು.

ಅಪ್ಪ ಅವಳನ್ನು ಜಗಲಿಯ ಬೆಂಚಿನ ಮೇಲೆ ಕೂರಿಸಿ, ಉಪ್ಪು ಸಕ್ಕರೆ ಹಾಕಿದ ನೀರನ್ನು ಚಮಚದಲ್ಲಿ ಮಗುವಿನ ಬಾಯಿಗೆ ಬಿಡುತ್ತ ಕುಳಿತರು. ಬೆಳ್ತಂಗಡಿಗೆ ಸಾಗಿಸಲು ಮರದ ಕಂಟ್ರಾಕ್ಟರನ ಜೀಪಿಗೆ ಜನ ಕಳಿಸಿದರು. ನೀರು ಬಾಯಿಯ ಬದಿಯಿಂದ ಹೊರಗೆ ಹರಿಯುತ್ತಿತ್ತು, ಅಪ್ಪ ಒರೆಸಿ ಒರೆಸಿ ಮತ್ತೆ ಬಿಡುತ್ತಿದ್ದರು. ಇತ್ತ ಅಡಿಗೆಮನೆಯಲ್ಲಿ ಅಮ್ಮ ಸೌತೆಕಾಯಿಯನ್ನು ಮೆಟ್ಟುಕತ್ತಿಯಲ್ಲಿ ಸೀಳಿದಳು. ಒಳಗಿನ ಬೀಜ ಗಟ್ಟಿಯಾಗಿ ಬಲಿತಿತ್ತು. “ಇದು ಬೀಜಕ್ಕೆ ಅಂತ ಇಟ್ಟದ್ದಲ್ವಾ, ಪಾಪ,” ಎಂದು ಅಮ್ಮ ತನ್ನಷ್ಟಕ್ಕೆ ಹೇಳಿಕೊಂಡಳು. ಮುಂದಿನ ಬೆಳೆಗೆ ಬಿತ್ತಲೆಂದು ಮನೆಯ ಮಾಡಿಗೆ ತೂಗುಹಾಕಿದ ಕಾಯಿಯನ್ನು ನಮ್ಮ ಕಡೆ ಎಷ್ಟು ಹಸಿವಾದರೂ ಯಾರೂ ಇಳಿಸುವುದಿಲ್ಲ. ಹುಳಿ ಕುದಿಯುತ್ತಿರುವಾಗ ಜಗಲಿಯ ಕಡೆಯಿಂದ ಸುಂದರಿ ಬೊಬ್ಬೆಯಿಟ್ಟು ಅಳುವುದು ಕೇಳಿತು. ಜೀಪು ಇನ್ನೂ ಬಂದಿರಲಿಲ್ಲ.

ಆ ದಿನ ನಾವು ತಡವಾಗಿ ಊಟಕ್ಕೆ ಕುಳಿತೆವು. ಅಪ್ಪ ಮೂರು ಸಲ ಕೈ ತೊಳೆದು ಬಂದರು. ಅನ್ನದ ಮೇಲೆ ಅಮ್ಮ ಬಡಿಸಿದ್ದು ಆ ಹುಳಿಯನ್ನೇ. ಯಾರ ಮನೆಯ ಕಾಯಿ ಎಂದು ಅಪ್ಪ ಕೇಳಲಿಲ್ಲ, ಕಲಸಿ ಎರಡು ತುತ್ತು ತಿಂದು ಎದ್ದರು. ನನಗೆ ಬೇಡವೆಂದರೆ ಯಾಕೆ ಬೇಡ ಎಂದು ಕೇಳುತ್ತಾರೆ. ಹಾಗಾಗಿ ಉಂಡೆ. ಸೂರ್ಯ ಮುಳುಗುವ ಮೊದಲು ರಾತ್ರಿಯ ಊಟ ಮುಗಿಸುವವರು ನಾವು, ಆ ಊಟಕ್ಕೂ ಅದನ್ನೇ ಬಿಸಿಮಾಡಿದರು, ಆಗಲೂ ಉಂಡೆ. ಆಮೇಲೆ ಸೌತೆಕಾಯಿ ಮುಟ್ಟಲೇ ಇಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಆದರೆ ಈ ಸೀಮೆಯಲ್ಲಿ ಸೌತೆಕಾಯಿ ಬಿಟ್ಟು ಬದುಕುವುದಾದರೂ ಹೇಗೆ? ತಿಂದಿದ್ದೇನೆ, ತಿನ್ನುತ್ತೇನೆ, ಈಗ ನಾನೇ ಹೆಚ್ಚುತ್ತೇನೆ. ಬೀಜ ಬಲಿತ ಕಾಯಿ ಸಿಕ್ಕಿದರೆ ಮಾತ್ರ ಕೈ ನಿಲ್ಲುತ್ತದೆ.

ಮರುದಿನ ಅಪ್ಪ ಒಂದು ಹಲಗೆಗೆ ಸುಣ್ಣ ಬಳಿದು ದೊಡ್ಡ ಅಕ್ಷರದಲ್ಲಿ ಬರೆದು ನಮ್ಮ ಹಿಂಬಾಗಿಲಿಗೆ ಹೊಡೆದರು: ‘ಇಲ್ಲಿ ಮದ್ದಿಗೆ ಏನನ್ನೂ ಕೊಡಬೇಕಾಗಿಲ್ಲ.’ ಅವರಿಗೆ ಏನಾದರೂ ಅಂದಾಜಾಗಿತ್ತೋ, ಆ ಸೌತೆಕಾಯಿಯೇ ಹೇಳಿತೋ, ನನಗೆ ತಿಳಿಯದು. ಬರುವವರಲ್ಲಿ ಓದು ಬರುತ್ತಿದ್ದವರು ಕಡಿಮೆ. ಹಲಗೆಯ ಅಡಿಯಲ್ಲೇ ತೊಂಡೆಕಾಯಿ ಇಟ್ಟು ಹೋಗುತ್ತಿದ್ದರು. ನಾನು ಮೆಟ್ಟಿಲಿಗೆ ಕೂರುವುದನ್ನು ಬಿಟ್ಟೆ. ಯಾಕೆ ಎಂದು ಅಮ್ಮ ಒಂದು ಸಲವೂ ಕೇಳಲಿಲ್ಲ, ತಾನೇ ಎದ್ದು ಹೋಗತೊಡಗಿದಳು. ಆದರೆ ಕೂರದಿದ್ದರೂ ಬೆಳಿಗ್ಗೆ ಆ ಹೊತ್ತಿಗೆ ಯಾರೋ ಬಂದು ನಿಂತದ್ದು ನನಗೆ ಗೊತ್ತಾಗುತ್ತಿತ್ತು. ಗೊರಬೆಯಿಂದ ನೀರು ತೊಟ್ಟಿಕ್ಕುವ ಸದ್ದು. ಹೋಗಿ ನೋಡಿದರೆ ಮೆಟ್ಟಿಲು ಒಣಗಿರುತ್ತಿತ್ತು. ಅಪ್ಪನಿಗೆ ವರ್ಗವಾಗಿ ಆ ಮನೆ ಬಿಟ್ಟೆವು, ಸದ್ದು ನಮ್ಮ ಗಂಟುಮೂಟೆಯ ಜತೆಗೇ ಬಂತು. ಬಂಟ್ವಾಳದ ನನ್ನ ಈಗಿನ ಮನೆ ಎರಡನೇ ಮಹಡಿಯಲ್ಲಿದೆ, ಹಿಂಬಾಗಿಲೇ ಇಲ್ಲ. ಆದರೂ ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ನಿಂತಾಗ ಬೆನ್ನ ಹಿಂದೆ ಅವಳು ನಿಂತಿರುತ್ತಾಳೆ. ತಿರುಗಿ ನೋಡುವುದಿಲ್ಲ. ಇಷ್ಟು ವರ್ಷದಲ್ಲಿ ಅದೊಂದು ಒಪ್ಪಂದ ನಮ್ಮಿಬ್ಬರ ನಡುವೆ ಆಗಿದೆ.

ನಾನು ಓದಿ ಸೇರಿಕೊಂಡದ್ದು ಸರಕಾರಿ ಕಚೇರಿಯನ್ನೇ. ನಿವೃತ್ತಿಯವರೆಗೂ ವಿಧವಾ ವೇತನ, ವೃದ್ಧಾಪ್ಯ ವೇತನದ ಅರ್ಜಿ ನೋಡುವ ಮೇಜಿನಲ್ಲಿ ಕುಳಿತೆ. ಬಹಳ ಸಿಡುಕಿ ಎಂದು ನನಗೆ ಹೆಸರಿತ್ತು. ಒಂದು ದಿನ ಒಬ್ಬಳು ಮುದುಕಿ ಅರ್ಜಿಯ ಜತೆ ಒಂದು ಅಟ್ಟಿ ಮಲ್ಲಿಗೆಯನ್ನು ಬಾಳೆಲೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟಳು. ನಾನು ಇಡೀ ಕಚೇರಿ ತಿರುಗಿ ನೋಡುವಂತೆ ಕಿರಿಚಿದೆ. ಹೂವನ್ನು ಅವಳ ಕೈಗೆ ತುರುಕಿದೆ. ಅವಳು ತನ್ನ ಪೆನ್ಷನ್ ಹೋಯಿತೆಂದೇ ತಿಳಿದು ನಡುಗುತ್ತ ನಿಂತಳು. ಆ ಹೂವು ಅವಳಿಗೆ, ತಾನು ಬೇಡಲು ಬಂದವಳಲ್ಲ ಎಂದು ಹೇಳುವ ದಾರಿಯಾಗಿತ್ತು ಎಂಬುದು ನನಗೆ ಮನೆಗೆ ಬಂದ ಮೇಲೆ ಹೊಳೆಯಿತು. ಕೊಡುವ ಖುಷಿಯನ್ನು ಕಸಿಯುವುದೂ ಅನ್ಯಾಯವೇ. ಆದರೆ ಕೊಡದವರು ಬಾಗಿಲಿನಲ್ಲಿ ನಿಂತು ತಲೆಬಗ್ಗಿಸಬೇಕಾದರೆ ಅದು ಇನ್ನೂ ದೊಡ್ಡ ಅನ್ಯಾಯ. ಇವೆರಡರ ನಡುವೆ ನಾನು ಕಂಡುಕೊಂಡ ದಾರಿ ತೆರಿಗೆ ಒಂದೇ. ಎಲ್ಲರೂ, ತಮಗೆ ಗೊತ್ತಾಗದ ಹಾಗೆಯೂ ಆಗಲಿ, ಮೊದಲೇ ಎಲ್ಲೋ ಕೊಟ್ಟಿರಬೇಕು. ಉಳ್ಳವರು ಹೆಚ್ಚು ಕೊಟ್ಟಿರಬೇಕು. ಕಷ್ಟದ ದಿನ ಬಾಗಿಲಿಗೆ ಬರುವಾಗ ಎರಡೂ ಕೈಯಲ್ಲಿ ಮಗುವನ್ನೇ ಹಿಡಿದುಕೊಂಡು ಬರಲಿಕ್ಕಾಗಬೇಕು. ಬೆಂಕಿಪೆಟ್ಟಿಗೆಯ ಮಾತು ಹೇಳುತ್ತಿದ್ದಾಗ ಅಪ್ಪ ಇದನ್ನೇ ಹೇಳುತ್ತಿದ್ದರು. ಅವರಿಗೆ ತಮ್ಮ ಅಡಿಗೆಮನೆಗೆ ಅದನ್ನು ತಿಳಿಸಲಿಕ್ಕಾಗಲಿಲ್ಲ.

ನನ್ನ ತಮ್ಮ ಮೂಡುಬಿದಿರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಅಮ್ಮ ಅವನ ಜತೆಗಿದ್ದಾಳೆ, ತೊಂಬತ್ತು ದಾಟಿದೆ, ಕಣ್ಣು ಮಂಜಾಗಿದೆ, ಕಿವಿ ಬೇಕಾದ್ದನ್ನೆಲ್ಲ ಕೇಳಿಸಿಕೊಳ್ಳುತ್ತದೆ. ಹೆಂಗಸರಿಗೆ ಸರಕಾರಿ ಬಸ್ಸು ಉಚಿತವಾದ ಮೇಲೆ ನಾನು ಹೋದಾಗಲೆಲ್ಲ ತಮ್ಮ ನನ್ನನ್ನು ಕೆಣಕದೆ ಬಿಡುವುದಿಲ್ಲ. ಕಳೆದ ಸಲ ಧರ್ಮಸ್ಥಳಕ್ಕೆ ಹಾಗೆ ಹೋಗಿಬಂದೆ ಎಂದು ಬಾಯಿತಪ್ಪಿ ಹೇಳಿದೆ.

“ನಾನು ಒಂದು ಮೊಳೆ ಮಾರಿದ್ರೂ ಟ್ಯಾಕ್ಸ್ ಕಟ್ತೇನೆ ಅಕ್ಕ. ನಿನಗೆ ಪೆನ್ಷನ್ ಉಂಟು, ನೀನು ಧರ್ಮಕ್ಕೆ ತಿರುಗ್ತೀ. ಇದು ಎಂತ ನ್ಯಾಯ?”

“ನನ್ನ ಪೆನ್ಷನ್ನಿನಲ್ಲೂ ಹಿಡೀತಾರೆ ಮಾರಾಯ. ಬಸ್ಸಿನವ ನನ್ನ ಪಾಸ್‌ಬುಕ್ ನೋಡಿ ಹತ್ತಿಸ್ಲಿಕ್ಕೆ ಶುರು ಮಾಡಿದ್ರೆ, ನಾಳೆ ಇಲ್ಲದವಳೂ ಇಲ್ಲ ಅಂತ ಎಲ್ಲರ ಮುಂದೆ ತೋರಿಸ್ಬೇಕಾಗ್ತದೆ.”

“ತೋರಿಸ್ಲಿ. ಇಲ್ಲದಿದ್ರೆ ಐದೋ ಹತ್ತೋ ಕೊಡ್ಲಿ. ಕೊಟ್ಟವರಿಗೆ ಒಂದು ಮರ್ಯಾದೆ ಇರ್ತದೆ. ಸುಮ್ಮನೆ ಸಿಕ್ಕಿದ್ದು ಯಾರಿಗೂ ಹಿಡಿಯುವುದಿಲ್ಲ.”

ಹಿಡಿಯುವುದಿಲ್ಲ ಎಂದದ್ದೇ ನನ್ನ ಒಳಗೆ ಏನೋ ಕಡಿದುಹೋಯಿತು. ಅವನ ಮಾತಿನಲ್ಲಿ ಅರ್ಧ ನಿಜವಿತ್ತು, ಆ ಮಲ್ಲಿಗೆಯ ಮುದುಕಿ ಅವನ ಪಕ್ಷವನ್ನೇ ಹಿಡಿಯುತ್ತಿದ್ದಳು. ಆದರೂ ನಾನು ಹೇಳತೊಡಗಿದೆ, ಈವರೆಗೆ ಯಾರಿಗೂ ಹೇಳದ್ದನ್ನು. ಸುಂದರಿ, ಮಗು, ನಾನು ಹೇಳಿದ ಮಾತು, ಸಂಕ, ಬೀಜದ ಸೌತೆಕಾಯಿ, ಅವಳು ಅಪ್ಪನ ಮುಂದೆ ನನ್ನ ಹೆಸರು ಹೇಳದೆ ಬಿಟ್ಟದ್ದು. ಕೊಡಲಿಕ್ಕೆ ಇಲ್ಲದ ದಿನ ಅವಳ ಮರ್ಯಾದೆಗೆ ಏನಾಗಬೇಕಿತ್ತು ಎಂದು ಕೇಳಿದೆ.

“ನೀನು ಒಂಬತ್ತು ವರ್ಷದ ಮಗು ಅಕ್ಕ,” ಎಂದ ತಮ್ಮ ಮೆಲ್ಲಗೆ. “ನಿನ್ನದು ಎಂತ ತಪ್ಪು?” ಅಷ್ಟರಲ್ಲಿ ಅಂಗಡಿಯಿಂದ ಫೋನು ಬಂದು ಎದ್ದು ಹೊರಗೆ ಹೋದ.

ಅಮ್ಮ ಗೋಡೆಗೆ ಒರಗಿ ಕುಳಿತೇ ಇದ್ದಳು. ಅವಳ ಕೈಯಲ್ಲಿ ಜಪಸರ ಇತ್ತು, ಮಣಿ ಮುಂದೆ ಹೋಗುತ್ತಿರಲಿಲ್ಲ. ನಾನು ಅವಳ ಪಕ್ಕಕ್ಕೆ ಹೋಗಿ ಕುಳಿತೆ.

“ನೀನು ಹೇಳಿದ್ದು ನನಗೆ ಅವತ್ತೇ ಕೇಳಿತ್ತು ಮಗಾ,” ಎಂದಳು. “ನಾನು ಒಲೆಯ ಹತ್ತಿರವೇ ಇದ್ದೆ. ಅವಳು ಸಾಲಿಗೆ ಹೋಗದೆ ಹೊಳೆಯ ಕಡೆ ಇಳಿದದ್ದೂ ಕಂಡಿತ್ತು.”

ಒಂಬತ್ತನೇ ವರ್ಷದಿಂದ ನಾನೊಬ್ಬಳೇ ಹೊತ್ತು ತಿರುಗಿದ್ದನ್ನು ಅಮ್ಮನೂ ಅಷ್ಟೇ ವರ್ಷ, ಅದೇ ಮನೆಯೊಳಗೆ, ನನಗೆ ಬಡಿಸುತ್ತ, ನನ್ನ ಜಡೆ ಹೆಣೆಯುತ್ತ ಹೊತ್ತಿದ್ದಳು.

“ಮತ್ತೆ ಅವಳನ್ನು ಯಾಕೆ ವಾಪಸು ಕರೀಲಿಲ್ಲ ಅಮ್ಮ?”

ಅಮ್ಮ ಜಪಸರವನ್ನು ಮಡಿಲಿಗೆ ಹಾಕಿಕೊಂಡಳು.

“ಮನೆಗೆ ಹೋದ್ರೆ ಏನಾದ್ರೂ ತರ್ತಾಳೆ ಅಂತ,” ಎಂದಳು. “ಅವತ್ತು ಹುಳಿಗೆ ಹಾಕ್ಲಿಕ್ಕೆ ಮನೆಯಲ್ಲಿ ಎಂತದೂ ಇರ್ಲಿಲ್ಲ.”